ಹುಲ್ಲಿನ ಮೇಲಿನ ಡೊಂಕು

ಗ್ರಂಥಾಲಯದ ಮೆಟ್ಟಿಲಿಳಿದರೆ ಎದುರಿಗೇ ದೊಡ್ಡ ಹುಲ್ಲುಹಾಸು. ಸುತ್ತಲೂ ಸಿಮೆಂಟು ರಸ್ತೆ. ಆಚೆ ಮೂಲೆಯಲ್ಲಿ ವಿಶ್ವವಿದ್ಯಾಲಯದ ಹಿಂದಿನ ಗೇಟು, ಗೇಟಿಗೆ ಅಂಟಿಕೊಂಡಂತೆ ಒಂದು ಜೆರಾಕ್ಸ್ ಅಂಗಡಿ. ರಸ್ತೆ ಹಿಡಿದು ಹೋದರೆ ಎರಡು ಬದಿ ಸುತ್ತಬೇಕು. ಹುಲ್ಲು ತುಳಿದು ಓರೆಯಾಗಿ ನಡೆದರೆ ಬಾಯಲ್ಲಿನ ಮಾತು ಮುಗಿಯುವುದರೊಳಗೆ ಗೇಟು ಬರುತ್ತದೆ. ಕಾಲಿರುವ ಯಾವ ಮನುಷ್ಯ ತಾನೇ ಸುತ್ತು ಹಾಕುತ್ತಾನೆ? ಯಾರೂ ಹಾಕಲಿಲ್ಲ. ಹಾಗಾಗಿ ಹುಲ್ಲಿನ ನಡುವೆ ಮೂಲೆಯಿಂದ ಮೂಲೆಗೆ ಒಂದು ಕಾಲುದಾರಿ ಬಿದ್ದಿತ್ತು. ತುಳಿದು ತುಳಿದು ಮಣ್ಣು ಕಲ್ಲಿನಂತಾಗಿ, ಕ್ರಾಪು ಬಿಟ್ಟ ತಲೆಯಲ್ಲಿ ಹಳೇ ಗಾಯದ ಕಲೆ ಕಾಣುವ ಹಾಗೆ ಬೋಳಾಗಿ ಕಾಣುತ್ತಿತ್ತು.

ಆ ದಾರಿಯನ್ನು ಮುಚ್ಚಿಸುವುದೇ ಅಲ್ಲಿನ ತೋಟದ ಮೇಸ್ತ್ರಿಯ ಬದುಕಾಗಿತ್ತು. ಹೆತ್ತವರಿಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದ ಕಡೆಯೆಲ್ಲ ಅವನು ಹುಲ್ಲಪ್ಪ. ಯಾವ ವರ್ಷದ ಯಾವ ತುಂಟರು ಹಾಗೆ ಕರೆದರೋ, ಓದು ಮುಗಿಸಿ ಹೋಗುವವರು ಹೊಸಬರಿಗೆ ಆ ಹೆಸರನ್ನು ದಾಟಿಸುತ್ತಲೇ ಬಂದಿದ್ದರು.

ಮೀಸೆ ಸರಿಯಾಗಿ ಮೂಡುವ ಮುಂಚೆಯೇ ಅವನು ಇಲ್ಲಿ ಕೆಲಸಕ್ಕೆ ಸೇರಿದ್ದ. ಆಗಿನ ಮೇಸ್ತ್ರಿ ಮೊದಲ ದಿನವೇ ಅವನನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ನಿಲ್ಲಿಸಿ ದಾರಿಯ ಕಡೆ ಬೆರಳು ತೋರಿಸಿ, ತನ್ನ ಕೈಯಲ್ಲಿ ಇದೊಂದು ಆಗಲಿಲ್ಲ ಎಂದಿದ್ದ. ಬಿಸಿರಕ್ತ, ಒಂದು ವರ್ಷದಲ್ಲಿ ಮುಚ್ಚಿಸಿ ತೋರಿಸುತ್ತೇನೆ ಅಂದುಬಿಟ್ಟ ಇವನು. ಮುದುಕ ನಕ್ಕ. ಆಮೇಲೆ ಇವನ ಹಠ ನೋಡಿ ಮೆಚ್ಚಿ ಮಗಳನ್ನೇ ಕೊಟ್ಟ. ಮುದುಕ ಮಾವನಾದ, ಮಾವ ನಿವೃತ್ತನಾದ, ತೀರಿಯೂ ಹೋದ. ದಾರಿ ಮಾತ್ರ ಹಾಗೇ ಇತ್ತು.

ಇವನು ಮಾಡದ ಉಪಾಯವಿಲ್ಲ. ಹಗ್ಗ ಕಟ್ಟಿದ, ಗಂಡುಹುಡುಗರು ಹಾರಿದರು, ಹುಡುಗಿಯರು ಒಬ್ಬರಿಗೊಬ್ಬರು ಹಗ್ಗ ಎತ್ತಿ ಹಿಡಿದು ಮರ್ಯಾದೆಯಿಂದ ದಾಟಿದರು. ಹುಲ್ಲು ತುಳಿಯಬೇಡಿ ಎಂದು ಬೋರ್ಡು ನೆಟ್ಟ. ಸೈಕಲ್ಲು ಒರಗಿಸಲು ಅನುಕೂಲವಾಯಿತು. ಮುಳ್ಳುಗಿಡ ಹಾಕಿದ, ಎರಡೇ ದಿನದಲ್ಲಿ ಒಬ್ಬರು ನುಸುಳುವಷ್ಟು ಕಂಡಿ. ಹೂವಿನ ಪಾತಿ ಮಾಡಿದಾಗಲಂತೂ ಎಲ್ಲರೂ ನಿಂತು ಹೂವು ಚೆನ್ನಾಗಿದೆ ಎಂದು ಹೊಗಳಿ ಪಾತಿಯನ್ನೇ ದಾಟಿಕೊಂಡು ಹೋದರು. ರಜೆಯಲ್ಲಿ ಬೀಜ ಚೆಲ್ಲಿದರೆ ಮಗುವಿನ ತಲೆಗೂದಲಿನಂಥ ಎಳೆ ಹುಲ್ಲು ಬರುತ್ತಿತ್ತು. ತರಗತಿ ಶುರುವಾದ ವಾರಕ್ಕೆ ಅದೂ ಮಣ್ಣುಪಾಲು.

ಕೊನೆಗೆ ತಾನೇ ಬೇಲಿಯಾಗಿ ನಿಂತ. ಗೋಡೆಯ ನಲ್ಲಿಗೆ ಸಿಕ್ಕಿಸಿದ ನೀರಿನ ಪೈಪು ಹುಲ್ಲಿನ ನಡುಮಧ್ಯದವರೆಗೆ ಎಟುಕುತ್ತಿತ್ತು, ಅಲ್ಲಿಂದ ಒಂದು ಗೇಣೂ ಮುಂದೆ ಬರುತ್ತಿರಲಿಲ್ಲ. ಅಲ್ಲಿ, ದಾರಿಯ ಮೇಲೆಯೇ, ಅಂಚು ಹರಿದ ಟೊಪ್ಪಿ ಹಾಕಿಕೊಂಡು ನಿಲ್ಲುತ್ತಿದ್ದ. ಯಾರಾದರೂ ಬಂದರೆ ಪೈಪಿನ ಬಾಯಿ ಅವರ ಕಾಲಿನ ಕಡೆ ತಿರುಗುತ್ತಿತ್ತು. ಜೊತೆಗೆ ಬೈಗುಳ. ಬೈಗುಳಕ್ಕೆ ಯಾರೂ ಹೆದರುತ್ತಿರಲಿಲ್ಲ; ಚಪ್ಪಲಿ ಒದ್ದೆಯಾಗುತ್ತದೆಂದು ಮಾತ್ರ ನೀರು ಮುಟ್ಟದಷ್ಟು ದೂರ ಸರಿದು ಹೋಗುತ್ತಿದ್ದರು.

ಇನ್ನು ಆ ಜೆರಾಕ್ಸ್ ಅಂಗಡಿ. ಅದು ಹುಲ್ಲಪ್ಪನ ಹೆಂಡತಿಯದೇ. ಗಂಡ ಬೆಳಗಿನಿಂದ ಸಂಜೆವರೆಗೆ ಯಾರನ್ನು ಓಡಿಸುತ್ತಿದ್ದನೋ ಅವರೆಲ್ಲ ಆಕೆಯ ಗಿರಾಕಿಗಳು. ಪ್ಯಾಂಟಿನ ತುದಿ ಒದ್ದೆ ಮಾಡಿಕೊಂಡು ಬಂದವರಿಗೆ ಒರೆಸಿಕೊಳ್ಳಲೆಂದು ಕೌಂಟರಿನ ಪಕ್ಕ ಒಂದು ಹಳೇ ಬಟ್ಟೆ ತೂಗು ಹಾಕಿದ್ದಳು. ಒಮ್ಮೆ ಹೊಸ ಹುಡುಗನೊಬ್ಬ ಗೊತ್ತಿಲ್ಲದೆ, "ಆ ಹುಲ್ಲಪ್ಪನಿಗೆ ಮನೆಗಿನೆ ಇಲ್ವಾ ಅಕ್ಕಾ?" ಎಂದು ಕೇಳಿದ. ಆಕೆ ಕಾಗದ ಜೋಡಿಸುತ್ತ, "ಇದೆಯಪ್ಪಾ. ಅಲ್ಲೂ ಹೀಗೇ," ಅಂದಳು.

ಅವರಿಗೆ ಒಬ್ಬಳೇ ಮಗಳು. ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಅಪ್ಪನ ಕಣ್ಣು ತಪ್ಪಿಸಿ ಓರೆ ನಡೆಯಲು ಧೈರ್ಯವಿಲ್ಲದೆ, ಗ್ರಂಥಾಲಯದಿಂದ ಅಮ್ಮನ ಅಂಗಡಿಗೆ ಪ್ರತಿದಿನವೂ ಸಿಮೆಂಟು ರಸ್ತೆಯನ್ನು ಸುತ್ತಿದಳು. ವಿಶ್ವವಿದ್ಯಾಲಯ ಹುಟ್ಟಿದಾಗಿನಿಂದ ರಸ್ತೆ ಸುತ್ತಿ ಪಾಸಾದವಳು ಅವಳೊಬ್ಬಳೇ ಎಂದು ಅಮ್ಮ ಹಾಸ್ಯ ಮಾಡುತ್ತಿದ್ದಳು. ಈಗ ಅವಳು ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಅಮ್ಮನನ್ನು ನೋಡಲು ಬಂದಾಗಲೂ ಕಾಲುಗಳು ತಾವಾಗಿಯೇ ರಸ್ತೆ ಹಿಡಿಯುತ್ತಿದ್ದವು.

ಹುಲ್ಲಪ್ಪನ ನಿವೃತ್ತಿ ಹತ್ತಿರ ಬಂದಿತ್ತು. ಅವನ ಆಸೆ ಒಂದೇ. ಒಂದೇ ಒಂದು ಸಲ, ಕಲೆಯಿಲ್ಲದ ಹುಲ್ಲುಹಾಸನ್ನು ಕಣ್ತುಂಬ ನೋಡಬೇಕು. ನೋಡಿ, ಸಲಕರಣೆ ಕೋಣೆಯ ಬೀಗದಕೈ ಕೊಟ್ಟು ಹೊರಡಬೇಕು. "ಇಷ್ಟು ವರ್ಷ ನಾನು ಇಲ್ಲಿದ್ದೆ ಅನ್ನೋದಕ್ಕೆ ಏನಾದ್ರೂ ಒಂದು ಬೇಡ್ವಾ?" ಎಂದು ಊಟಕ್ಕೆ ಕೂತಾಗೆಲ್ಲ ಕೇಳುತ್ತಿದ್ದ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು. ಆ ಕಲೆ ಹೋದರೆ ತನ್ನ ಅಂಗಡಿಯ ಗತಿಯೇನೆಂದು ಅವಳಿಗೆ ಗೊತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಮ್ಯೂಸಿಯಂ ಸುದ್ದಿ ಬಂತು.

ವಿಶ್ವವಿದ್ಯಾಲಯದ ಇತಿಹಾಸವನ್ನೆಲ್ಲ ಒಂದು ಕಡೆ ಇಟ್ಟು ತೋರಿಸುವ ಮ್ಯೂಸಿಯಂ ಆಗಬೇಕೆಂದು ತೀರ್ಮಾನವಾಯಿತು. ಹುಲ್ಲುಹಾಸಿನ ಪಕ್ಕದ ಹಳೇ ಪರೀಕ್ಷಾ ಹಾಲನ್ನು ಅದಕ್ಕೆ ಬಿಟ್ಟುಕೊಟ್ಟರು. ಕಮಿಟಿಯಾಯಿತು. ಕಮಿಟಿ ಅಂದಮೇಲೆ ಕೇಳಬೇಕೆ, ಮೊದಲ ನಾಲ್ಕು ಸಭೆ ಕಮಿಟಿಯ ಹೆಸರೇನಿರಬೇಕು ಎನ್ನುವುದರಲ್ಲೇ ಕಳೆಯಿತು. ಅಧ್ಯಕ್ಷರು ಇತಿಹಾಸ ವಿಭಾಗದ ನಿವೃತ್ತ ಮೇಷ್ಟ್ರು. ಒಳ್ಳೆಯ ಮನುಷ್ಯ, ಊರುಗೋಲಿಲ್ಲದೆ ನಡೆಯಲಾಗದು, ಊಹೆಯಿಲ್ಲದೆ ಮಾತಾಡಲಾಗದು. ಕೆಲಸ ಮಾಡಲು ಬಂದವಳು ಒಬ್ಬಳು ಗಿಡ್ಡ ಹುಡುಗಿ. ಅಳತೆಯ ಟೇಪನ್ನು ಡಾಕ್ಟರರ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದಳು. ಮ್ಯೂಸಿಯಂ ಮೇಡಂ ಎಂದು ಎಲ್ಲರೂ ಕರೆದರು.

ಹಳೆಯದೇನಿದ್ದರೂ ಕಳಿಸಿ ಎಂದು ಅವಳು ವಿಭಾಗಗಳಿಗೆಲ್ಲ ಹೇಳಿ ಕಳಿಸಿದಳು. ಬಂದವು ನೋಡಿ. ಕುಲಪತಿಗಳ ಕುರ್ಚಿಗಳು, ಒಂದಕ್ಕೂ ನಾಲ್ಕು ಕಾಲು ನೆಟ್ಟಗಿಲ್ಲ. ಮೂಗು ಮುರಿದ ಮೂರ್ತಿಗಳು. ಬಣ್ಣ ಹೋದ ಬಹುಮಾನದ ಕಪ್ಪುಗಳು. ಕೀಲಿ ಕಳೆದ ಗಡಿಯಾರ. ಹಾಲು ಹಳೇ ಸಾಮಾನಿನ ಅಂಗಡಿಯಂತಾಯಿತು. ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ಇದೆಲ್ಲ ಕೂತವರ ಸಾಮಾನಾಯಿತು, ಸಾವಿರಾರು ಹುಡುಗರು ಇಲ್ಲಿ ಓಡಾಡಿ ಹೋಗಿದ್ದಾರಲ್ಲ, ಅವರದೇನಿದೆ ಎಂದು ಮೇಷ್ಟ್ರನ್ನು ಕೇಳಿದಳು. ಅವರದು ಸರ್ಟಿಫಿಕೇಟು, ಅದನ್ನು ಅವರೇ ತೆಗೆದುಕೊಂಡು ಹೋಗಿದ್ದಾರೆ ಎಂದರು ಮೇಷ್ಟ್ರು.

ಗೋಡೆಯ ಮೇಲೆ ಮ್ಯೂಸಿಯಮ್ಮಿನ ನಕ್ಷೆ ಅಂಟಿಸಿದ್ದರು. ಹೂಕುಂಡ ಇಡಲು ಹೋದ ಹುಲ್ಲಪ್ಪ ಅದನ್ನು ನೋಡಿ ನಿಂತೇಬಿಟ್ಟ. ಹುಲ್ಲುಹಾಸಿನ ಜಾಗಕ್ಕೆ ಹಸಿರು ಬಣ್ಣ ಬಳಿದಿದ್ದರು. ಇಡೀ ಹಸಿರು. ಓರೆ ಗೆರೆಯೇ ಇಲ್ಲ. ಹೀಗೇ ಇರುತ್ತದೆಯೇ ಎಂದು ಕೇಳಿದ. ಇರುತ್ತದೆ, ಕೆಲಸ ಮುಗಿಯುವವರೆಗೆ ಸುತ್ತ ತಗಡು ಹೊಡೆದು ಯಾರನ್ನೂ ಒಳಗೆ ಬಿಡುವುದಿಲ್ಲ, ಆಮೇಲೆ ಮುಂದೆ ಚಂದದ ಕಂಬಿಬೇಲಿ ಬರುತ್ತದೆ ಎಂದು ಮೇಡಂ ಹೇಳಿದಳು.

ಅವತ್ತು ಅವನು ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದ. ಸುದ್ದಿ ಕೇಳಿದ ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಮಾತ್ರ, "ನಿಮ್ಮ ಹುಲ್ಲೇ ಗಿರಾಕಿಗಳನ್ನ ಕಳಿಸುತ್ತಾ ಕೇಳಿ," ಅಂದಳು.

ತಗಡು ಹೊಡೆದರು. ಮಳೆಗಾಲವೂ ಹಿಡಿಯಿತು. ಹುಡುಗರು ಗೊಣಗಿಕೊಂಡು ರಸ್ತೆ ಸುತ್ತತೊಡಗಿದರು. ಸುತ್ತಲಾರದವರು ಮುಂದಿನ ಗೇಟಿನ ಆಚೆಯ ಬೇರೆ ಅಂಗಡಿಗೆ ಹೋದರು. ಒಳಗೆ ಹುಲ್ಲಪ್ಪ ಏನೂ ಮಾಡಲಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ. ದಾರಿಯ ಎರಡೂ ಅಂಚಿನಿಂದ ಹುಲ್ಲು ತಾನೇ ತೆವಳಿಕೊಂಡು ಬಂತು. ಬೆಳಗ್ಗೆ ಬೆಳಗ್ಗೆ ಹೋಗಿ ಮಂಡಿಯೂರಿ ನೋಡುತ್ತಿದ್ದ. ದಾರಿ ದಿನೇ ದಿನೇ ಸಣ್ಣದಾಗುತ್ತಿತ್ತು. ಅವನ ಮುಖ ಅಷ್ಟೇ ಅಗಲವಾಗುತ್ತಿತ್ತು.

ಒಂದು ಮಧ್ಯಾಹ್ನ ಮೇಡಂ ಅವನನ್ನು ಹಾಲಿಗೆ ಕರೆಸಿದಳು. ಪದವಿ ಕೊಡುವ ದಿನ ಗಡಿಯಾರದ ಗೋಪುರದ ಮೇಲೆ ಹತ್ತಿ ಒಂದು ಫೋಟೋ ತೆಗೆಯುವುದು ಅಲ್ಲಿ ಹಳೇ ರೂಢಿ. ವರ್ಷಕ್ಕೊಂದರಂತೆ ಅಷ್ಟೂ ಫೋಟೋಗಳನ್ನು ಅವಳು ನೆಲದ ಮೇಲೆ ಸಾಲಾಗಿ ಹಾಸಿದ್ದಳು. ಕಟ್ಟಡಗಳು ಹುಟ್ಟಿದ್ದವು, ಬಿದ್ದಿದ್ದವು, ಮರಗಳು ಬೆಳೆದಿದ್ದವು. ಬದಲಾಗದೆ ಇದ್ದದ್ದು ಒಂದೇ, ಹುಲ್ಲಿನ ಮೇಲಿನ ಓರೆ ಗೆರೆ. ಹುಲ್ಲಪ್ಪನಿಗೆ ಮೈ ಉರಿಯಿತು.

ಮೇಡಂ ಕೇಳಿದ್ದು ಬೇರೆ. ಹಳೆಯ ಫೋಟೋಗಳಲ್ಲಿ ದಾರಿ ದಾರ ಎಳೆದಂತೆ ನೆಟ್ಟಗಿದೆ. ಒಂದು ವರ್ಷದಿಂದಾಚೆಗೆ ನಡುವೆ ಒಂದು ಕಡೆಗೆ ಬಾಗಿದೆ, ಹೊಟ್ಟೆ ಬಂದ ಹಾಗೆ. ಮುಂದೆ ಎಲ್ಲ ಫೋಟೋಗಳಲ್ಲೂ ಆ ಡೊಂಕು ಇದೆ. ಅಲ್ಲೇನಿತ್ತು? ಬಾವಿಯೇ? ಬಂಡೆಯೇ?

ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ ಎಂದ ಹುಲ್ಲಪ್ಪ.

ಮೇಷ್ಟ್ರು ಬಿಡಬೇಕಲ್ಲ. ಹೆಚ್ಚುಕಮ್ಮಿ ಎದ್ದು ನಿಂತರು. ಅಲ್ಲಿ ಹೂತುಹೋದ ಹಳೆಯ ಕಟ್ಟಡದ ಅಡಿಪಾಯ ಇರಬೇಕು, ವಿಶ್ವವಿದ್ಯಾಲಯಕ್ಕಿಂತ ಹಿಂದಿನದು, ನೆಲ ತಗ್ಗಾಗಿ ಜನ ಬಳಸಿಕೊಂಡು ಹೋಗಿದ್ದಾರೆ, ಅಗೆದರೆ ಮ್ಯೂಸಿಯಮ್ಮಿನ ಭಾಗ್ಯವೇ ತೆರೆಯುತ್ತದೆ ಎಂದರು. ಅಗೆಯುವುದು ಯಾರು? ಇದ್ದೇ ಇದ್ದಾನಲ್ಲ, ಹುಲ್ಲಪ್ಪ.

ಹಲ್ಲು ಕಡಿಯುತ್ತ ಅಗೆದ. ಈಗಷ್ಟೇ ಕೂಡುತ್ತಿದ್ದ ಹುಲ್ಲಿನ ನಟ್ಟನಡುವೆ ಗುಂಡಿ. ಮೊಣಕಾಲಿನಷ್ಟಾಯಿತು, ಬರೀ ಮಣ್ಣು. ಇನ್ನೂ ಸ್ವಲ್ಪ ಎಂದರು ಮೇಷ್ಟ್ರು ಅಂಚಿನಲ್ಲಿ ಕೊಡೆ ಹಿಡಿದು ನಿಂತು. ಸೊಂಟದಷ್ಟಾಯಿತು, ಬರೀ ಮಣ್ಣು, ಒಂದು ಎರೆಹುಳ. ಹುಲ್ಲಪ್ಪನ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ತಗಡಿನ ಸಂದಿಯಿಂದ ಒಳಗೆ ಬಂದಳು. ಗುಂಡಿಯಲ್ಲಿ ಸೊಂಟದವರೆಗೆ ಹೂತು ನಿಂತ ಗಂಡ, ಮೇಲೆ ಟೊಪ್ಪಿ. ಇದೇನೆಂದು ಕೇಳಿದಳು. ಮೇಡಂ ಫೋಟೋ ತೋರಿಸಿ, ದಾರಿ ಇಲ್ಲಿ ಬಾಗಿದ್ದೇಕೆಂದು ಹುಡುಕುತ್ತಿದ್ದೇವೆ ಎಂದಳು. ಆಕೆ ಫೋಟೋ ನೋಡಿದಳು, ಗುಂಡಿ ನೋಡಿದಳು, ಗಂಡನನ್ನು ನೋಡಿದಳು. ಡಬ್ಬಿ ಕೆಳಗಿಟ್ಟು ನಗತೊಡಗಿದಳು. ನಗು ತಡೆಯಲಾಗದೆ ಹುಲ್ಲಿನ ಮೇಲೇ ಕೂತಳು.

"ಏನೇ ಅದು, ಹೇಳಿ ನಗು," ಎಂದು ಗುಂಡಿಯಿಂದ ಗುಡುಗಿದ ಹುಲ್ಲಪ್ಪ.

"ಅಲ್ಲಾ ರೀ," ಅಂದಳು ಕಣ್ಣೊರೆಸಿಕೊಳ್ಳುತ್ತ, "ಅಲ್ಲಿ ನೀವೇ ಅಲ್ವಾ ನಿಂತಿರ್ತಿದ್ದಿದ್ದು? ನಿಮ್ಮನ್ನ ಕಂಡೇ ಅಲ್ವಾ ಹುಡುಗರು ಸುತ್ತಿ ಬಳಸಿ ಹೋಗ್ತಿದ್ದಿದ್ದು?"

ಮೇಡಂ ಹಾಲಿಗೆ ಓಡಿ ಭೂತಗನ್ನಡಿ ತಂದಳು. ಡೊಂಕಿನ ಒಳಮಗ್ಗುಲಲ್ಲಿ, ಎಲ್ಲರೂ ಧೂಳಿನ ಚುಕ್ಕೆಯೆಂದುಕೊಂಡಿದ್ದ ಜಾಗದಲ್ಲಿ, ಟೊಪ್ಪಿ ಹಾಕಿದ ಒಬ್ಬ ಮನುಷ್ಯ. ಕೈಯಲ್ಲಿ ಗೆರೆಯಂಥ ಪೈಪು. ಮುಂದಿನ ಫೋಟೋದಲ್ಲೂ ಅವನೇ. ಅದರ ಮುಂದಿನದರಲ್ಲೂ. ಕಟ್ಟಡಗಳು ಬದಲಾಗುತ್ತಿದ್ದವು, ಟೊಪ್ಪಿಯೂ ಒಂದೆರಡು ಸಲ ಬದಲಾಗಿತ್ತು, ಮನುಷ್ಯ ಮಾತ್ರ ಅಲ್ಲೇ. ಡೊಂಕು ಹುಟ್ಟಿದ್ದು ಅವನು ಪೈಪು ಹಿಡಿದ ವರ್ಷ.

ಮೇಷ್ಟ್ರು ಊರುಗೋಲಿನ ಮೇಲೆ ಗದ್ದ ಊರಿ ಬಹಳ ಹೊತ್ತು ಗುಂಡಿ ನೋಡಿದರು. ಆಮೇಲೆ ತಾವೂ ನಕ್ಕರು. ಇಲ್ಲಿ ಪಾಠ ಹೇಳುತ್ತಿದ್ದಾಗ ಇವನ ಕೈಯಲ್ಲಿ ತಮ್ಮ ಬೂಟೂ ಒದ್ದೆಯಾಗಿತ್ತೆಂದು ಒಪ್ಪಿಕೊಂಡು, "ನಮ್ಮ ಅಡಿಪಾಯ ಸಿಕ್ಕಿತಲ್ಲ, ಇನ್ನು ಮೇಲೆ ಬಾರಯ್ಯ," ಅಂದರು.

ಆ ವಾರದಲ್ಲೇ ಮೇಡಂ ನಕ್ಷೆ ಬದಲಿಸಿದಳು. ಮ್ಯೂಸಿಯಮ್ಮಿನ ಬಾಗಿಲು ರಸ್ತೆಯ ಕಡೆಗಲ್ಲ, ಹುಲ್ಲಿನ ಕಡೆಗೆ. ಬಾಗಿಲಲ್ಲಿ ನಿಂತರೆ ಮೊದಲು ಕಾಣಬೇಕಾದದ್ದು ಕಾಲುದಾರಿ, ಅದರ ಡೊಂಕು. ಕಂಬಿಬೇಲಿ ಬೇಡ. ಒಳಗೆ ಗೋಡೆಯ ಮೇಲೆ ಅಷ್ಟೂ ಫೋಟೋ. ಓಡಾಡಿದವರ ಇತಿಹಾಸ ಬೇಕೆಂದು ಹುಡುಕುತ್ತಿದ್ದೆನಲ್ಲ, ಅದು ಅಂಗಳದಲ್ಲೇ ಬಿದ್ದಿದೆ ಎಂದಳು. ಮೇಷ್ಟ್ರು ಒಪ್ಪಿದರು. ಕಮಿಟಿಯ ಉಳಿದವರು ಬಂದು ಕಣ್ಣಾರೆ ನೋಡಿ ಹೂಂ ಅನ್ನಬೇಕಿತ್ತು, ಮಳೆ ನಿಂತ ಮೇಲೆ. ನೋಡಲು ದಾರಿ ಇದ್ದರೆ ಹೂಂ. ಇಲ್ಲದಿದ್ದರೆ ಹಳೇ ನಕ್ಷೆ, ಇಡೀ ಹಸಿರು.

ಈಗ ಹುಲ್ಲಪ್ಪನ ಸಂಕಟ ಯಾರಿಗೆ ಹೇಳುವುದು? ಗುಂಡಿ ಮುಚ್ಚಿದ. ಅದರ ಮೇಲೂ ಹುಲ್ಲು ಬಂತು. ದಾರಿ ಇನ್ನೇನು ಎಳೆದ ದಾರದಷ್ಟು ಉಳಿದು, ಆಮೇಲೆ ಅದೂ ಮಾಯವಾಯಿತು. ಮಾವನ ಕೈಯಲ್ಲಾಗದ್ದು, ತನ್ನ ಕೈಯಲ್ಲಾಗದ್ದು, ಯಾರ ಕೈಯೂ ಇಲ್ಲದೆ ಆಗಿಹೋಗಿತ್ತು. ಇನ್ನು ಸುಮ್ಮನಿದ್ದರೆ ಸಾಕು. ಗೆದ್ದ ಹಾಗೆ.

ಮಳೆ ಬಿಟ್ಟ ಒಂದು ಸಂಜೆ ಅವನು ಗ್ರಂಥಾಲಯದ ಮೆಟ್ಟಿಲ ಮೇಲೆ, ಮಾವ ನಿಲ್ಲಿಸಿದ ಜಾಗದಲ್ಲೇ ಕೂತು ನೋಡಿದ. ಹುಲ್ಲು ಬಲು ಚೆನ್ನಾಗಿತ್ತು. ಒಂದು ಕಲೆಯಿಲ್ಲ. ನೋಡುತ್ತ ನೋಡುತ್ತ ಅವನಿಗೆ ಏನೋ ಒಂದು ಥರವಾಯಿತು. ಬಾಡಿಗೆಯವರು ಬಿಟ್ಟುಹೋದ ಮನೆಯಲ್ಲಿ ಸುಣ್ಣ ಬಳಿದ ಗೋಡೆ ಹೇಗಿರುತ್ತದೋ ಹಾಗಿತ್ತು. ಅದು ಯಾವ ಊರಿನ ಯಾವ ಆಫೀಸಿನ ಮುಂದಿನ ಹುಲ್ಲಾದರೂ ಆಗಬಹುದಿತ್ತು.

ಹೆಂಡತಿ ಅಂಗಡಿಗೆ ಬೀಗ ಹಾಕಿ ಬಂದು ಪಕ್ಕದಲ್ಲಿ ಕೂತಳು. ಅವಳೂ ನೋಡಿದಳು. ಚೆನ್ನಾಗಿದೆ ಎಂದಳು, ಮನಸ್ಸಿನಿಂದಲೇ.

"ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದಳು. "ಹುಲ್ಲನ್ನ ಮಳೆ ಬೆಳೆಸುತ್ತೆ. ನೀವಿಲ್ದೇ ಹೋದ್ರೂ ಬೆಳೀತಿತ್ತು. ಆ ಡೊಂಕು ಮಾತ್ರ ನಿಮ್ಮದು."

ಅವನು ಸಿಡುಕಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

ಮರುದಿನ ಬೆಳಗಾಗುತ್ತಲೇ ಸಲಿಕೆ, ಗೂಟ, ದಾರ ತೆಗೆದುಕೊಂಡು ತಗಡಿನೊಳಗೆ ಹೊಕ್ಕ. ಮಾಡುವುದಾದರೆ ಸರಿಯಾಗಿ ಮಾಡಬೇಕು ಎನ್ನುವ ಮನುಷ್ಯ. ಮೂಲೆಯಿಂದ ಮೂಲೆಗೆ ದಾರ ಬಿಗಿದ, ಡೊಂಕಿನ ಜಾಗದಲ್ಲಿ ಗೂಟ ಹೊಡೆದು ಚಂದಕ್ಕೆ ಬಾಗಿಸಿದ, ಅಂಚು ಕತ್ತರಿಸಿದ, ಹುಲ್ಲು ಕಿತ್ತ, ಮಣ್ಣು ಸಮ ಮಾಡಿ ನೀರು ಚಿಮುಕಿಸಿದ. ಮಧ್ಯಾಹ್ನದ ಹೊತ್ತಿಗೆ ದಾರಿ ಸಿದ್ಧ. ಹೆಮ್ಮೆಯಿಂದ ಮೇಡಮ್ಮನ್ನು ಕರೆತಂದ.

ಮೇಡಂ ನೋಡಿದಳು. ಕೊರಳಿನ ಟೇಪು ತೆಗೆದು ಸುತ್ತಿದಳು, ಬಿಚ್ಚಿದಳು. ಮನಸ್ಸು ನೋಯಿಸಲಾರದೆ ಒದ್ದಾಡುತ್ತಿದ್ದಾಳೆಂದು ಅವನಿಗೂ ತಿಳಿಯಿತು. ಕೊನೆಗೆ ಅವನೇ ಹೇಳಿದ.

"ಕಾಲುವೆ ಥರ ಆಯ್ತು ಅಲ್ವೇನಮ್ಮಾ?"

"ಹೂಂ," ಅಂದಳು ಅವಳು ಸಣ್ಣ ಧ್ವನಿಯಲ್ಲಿ.

ಹೌದು, ನೀರು ಬಿಟ್ಟರೆ ಹರಿಯುವ ಹಾಗಿತ್ತು. ಬದುಕಿಡೀ ಪಾತಿ ಕಟ್ಟಿದ ಕೈ. ಅದಕ್ಕೆ ಡೊಂಕೂ ನೆಟ್ಟಗೇ ಬರುತ್ತದೆ. ಕೈಯಿಂದ ಆಗುವ ಕೆಲಸ ಇದಲ್ಲ, ಕಾಲಿನಿಂದಲೇ ಆಗಬೇಕೆಂದು ಇಬ್ಬರಿಗೂ ಹೊಳೆಯಿತು. ಅಂಚುಗಳನ್ನು ಕೆಡವಿ ಮಣ್ಣು ತುಂಬಿ, ಎರಡೂ ಮೂಲೆಯ ತಗಡು ತೆಗೆಸಿದರು. ಕಮಿಟಿ ಬರುವ ದಿನ ದೂರವಿರಲಿಲ್ಲ. ದಿನವಿಡೀ ಜನ ನಡೆದರೆ ಮಾತ್ರ ದಾರಿ ಬಿದ್ದೀತು.

ಹುಲ್ಲಪ್ಪ ಗ್ರಂಥಾಲಯದ ಮೆಟ್ಟಿಲ ಕೆಳಗೆ ನಿಂತ. ತರಗತಿ ಬಿಟ್ಟಿತು. ಹುಡುಗರ ಹಿಂಡು ಬಂತು. ಅವನು ಕೈ ಚಾಚಿ, ಜನ್ಮದಲ್ಲಿ ಆಡದ ಮಾತು ಆಡಿದ.

"ಬನ್ನಿ, ಹುಲ್ಲು ತುಳ್ಕೊಂಡು ಹೋಗಿ."

ಹಿಂಡು ಗಕ್ಕನೆ ನಿಂತಿತು. ಒಬ್ಬ ಇನ್ನೊಬ್ಬನ ಮುಖ ನೋಡಿದ. ಮುಂದಿದ್ದ ಉದ್ದ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು, "ಬೇಡ ಸರ್, ನಾವು ರಸ್ತೆ ಮೇಲೇ ಹೋಗ್ತೀವಿ," ಅಂದ. ಹುಲ್ಲಪ್ಪನಿಗೆ ರೇಗಿತು. ಹೋಗಿ ಎಂದರೆ ಹೋಗಬೇಕು ಎಂದು ಗದರಿದ. ಗದರಿದ್ದೇ ತಡ, ಇದರಲ್ಲೇನೋ ಮಸಲತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು. ದಂಡ ಹಾಕಲು ಸಂಚು, ಎಲ್ಲೋ ಕ್ಯಾಮೆರಾ ಇಟ್ಟಿದ್ದಾರೆ ಎಂದು ಗುಸುಗುಸು ಹಬ್ಬಿತು. ಹುಲ್ಲುಹಾಸಿನ ಚರಿತ್ರೆಯಲ್ಲೇ ಮೊದಲ ಸಲ, ಅಡ್ಡಿಯೇನೂ ಇಲ್ಲದಿದ್ದರೂ ಅಷ್ಟೂ ಜನ ಶಿಸ್ತಾಗಿ ಸಿಮೆಂಟು ರಸ್ತೆ ಸುತ್ತಿದರು. ಅವನು ಬಾಯಿ ಬಿಟ್ಟುಕೊಂಡು ನೋಡಿದ.

ಆಚೆ ಮೂಲೆಯಲ್ಲಿ ಜೆರಾಕ್ಸ್ ಅಂಗಡಿಯ ಬಾಗಿಲು ಅರ್ಧ ಮುಚ್ಚಿತು. ಹೆಂಡತಿ ಕೈಯಲ್ಲಿ ಯಾರದೋ ಕಾಗದದ ಕಟ್ಟು ಹಿಡಿದು ಹೊರಬಂದು, ಎಡಬಲ ನೋಡದೆ ಹುಲ್ಲಿನ ಮೇಲೆ ಓರೆಯಾಗಿ ಬಿರಬಿರನೆ ನಡೆದು ಬಂದಳು. ಹುಲ್ಲಪ್ಪನ ಮುಂದೆಯೇ ಹಾದು, ಆ ಕಾಗದವನ್ನು ಒಬ್ಬ ಹುಡುಗಿಯ ಕೈಗಿಟ್ಟು, ಮಿಕ್ಕಿದ್ದನ್ನು ಅಂಗಡಿಯಲ್ಲಿ ಕೊಡುತ್ತೇನೆ ಬಾ ಎಂದು ಕರೆದುಕೊಂಡು ಹೊರಟಳು. ಆ ಹುಡುಗಿ ಹುಲ್ಲಪ್ಪನ ಕಡೆ ಹೆದರಿ ಹೆದರಿ ನೋಡುತ್ತ ಹಿಂಬಾಲಿಸಿದಳು. ಏನೂ ಆಗಲಿಲ್ಲ. ಗೆಳತಿಯರು ಬಂದರು. ಅವರ ಹಿಂದೆ ಉದ್ದ ಹುಡುಗ. ಸಂಜೆಯೊಳಗೆ ಕಟ್ಟೆ ಒಡೆದ ಹಾಗಾಯಿತು.

ವಾರ ಕಳೆಯಿತು. ಹುಲ್ಲು ಮೊದಲು ಮಲಗಿತು, ಆಮೇಲೆ ಹಳದಿಯಾಯಿತು, ಆಮೇಲೆ ಮಣ್ಣು ಇಣುಕಿತು. ಹೆಂಡತಿಯ ಮೆಷಿನ್ನು ಮತ್ತೆ ಬಿಡುವಿಲ್ಲದೆ ಗುಯ್‌ಗುಡತೊಡಗಿತು. ಮೇಡಂ ಗೋಪುರ ಹತ್ತಿ ನೋಡಿ ಇಳಿದು ಬಂದಳು. ಮುಖ ಸಪ್ಪಗಿತ್ತು. ದಾರಿಯೇನೋ ಬಿದ್ದಿದೆ, ಆದರೆ ದಾರ ಎಳೆದಂತೆ ನೆಟ್ಟಗೆ. ಡೊಂಕೇ ಇಲ್ಲ.

ಇರುವುದಾದರೂ ಹೇಗೆ? ನಡುವೆ ಯಾರೂ ನಿಂತಿರಲಿಲ್ಲವಲ್ಲ.

ಹುಲ್ಲಪ್ಪ ಒಂದು ಕ್ಷಣ ಅವಳ ಮುಖ ನೋಡಿದ. ನೆಟ್ಟಗೆ ಸಲಕರಣೆ ಕೋಣೆಗೆ ಹೋದ. ಗೂಟದ ಮೇಲಿದ್ದ ಟೊಪ್ಪಿ ಕೊಡವಿ ತಲೆಗಿಟ್ಟ. ಪೈಪಿನ ಸುರುಳಿ ಹೆಗಲಿಗೇರಿಸಿದ, ನಲ್ಲಿಗೆ ಸಿಕ್ಕಿಸಿದ, ಎಳೆದುಕೊಂಡು ನಡೆದ. ಪೈಪು ಎಲ್ಲಿ ಬಿಗಿಯಾಯಿತೋ ಅಲ್ಲಿ ನಿಂತ. ಕಾಲಡಿಯ ಮಣ್ಣು, ಅವನೇ ಅಗೆದು ಮುಚ್ಚಿದ ಮಣ್ಣು, ಇನ್ನೂ ಮೆತ್ತಗಿತ್ತು.

ತರಗತಿ ಬಿಟ್ಟಿತು. ಉದ್ದ ಹುಡುಗ ಗೆಳೆಯರೊಡನೆ ಮಾತಾಡುತ್ತ ಬಂದ, ತಲೆ ಎತ್ತಿದ, ಟೊಪ್ಪಿ ಕಂಡ. "ಏಯ್, ಕಣ್ಣು ಕಾಣಲ್ವೇನೋ, ಹುಲ್ಲು ಅನ್ನೋದು ನಿಮ್ಮಪ್ಪನ ಮನೆ ಹಾಸಿಗೇನಾ?" ಎಂದು ಹುಲ್ಲಪ್ಪ ಗಂಟಲು ಹರಿಯುವಂತೆ ಕೂಗಿ ಪೈಪು ತಿರುಗಿಸಿದ. ಹುಡುಗರು ಹೋ ಎಂದು ನಗುತ್ತ, ನೀರು ಮುಟ್ಟದಷ್ಟು ದೂರ ಸರಿದು, ಬಳಸಿಕೊಂಡು ಓಡಿದರು. ಗೋಪುರದ ಮೇಲಿಂದ ಮೇಡಂ ಎರಡೂ ಕೈ ಎತ್ತಿ ಬೀಸಿದಳು. ಅವನು ನೋಡದವನಂತೆ ಮುಂದಿನ ಗುಂಪಿಗೆ ಬೈಯಲು ಅಣಿಯಾದ.

ಕಮಿಟಿಯವರು ಬಂದ ದಿನ ಡೊಂಕು ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. ಅವರು ಗೋಪುರ ಹತ್ತಿದರು, ನೋಡಿದರು, ಫೋಟೋಗಳ ಪಕ್ಕ ಹಿಡಿದು ನೋಡಿದರು. ಇನ್ನೊಂದು ಸಭೆ ಕರೆಯೋಣ ಎಂದು ಒಬ್ಬರು ಅಂದರಂತೆ. ಮೇಷ್ಟ್ರು ಊರುಗೋಲು ಕುಟ್ಟಿ ಅಲ್ಲಿಯೇ ಹೂಂ ಅನ್ನಿಸಿದರು.

ಅವತ್ತು ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದಳು. ಗ್ರಂಥಾಲಯದ ಮುಂದೆ ಬಂದವಳು ರೂಢಿಯಂತೆ ಸಿಮೆಂಟು ರಸ್ತೆಗೆ ತಿರುಗಿದಳು.

"ಏಯ್," ಎಂದು ಹುಲ್ಲಿನ ನಡುವಿನಿಂದ ಕೂಗು ಬಂತು. "ಎಲ್ಲಿಗೆ ಸುತ್ತಿಕೊಂಡು ಹೋಗ್ತೀಯಾ? ಇಲ್ಲಿಂದ ಬಾ."

ಅವಳು ನಿಂತಳು. ಅಮ್ಮ ಅಂಗಡಿಯ ಕೌಂಟರಿನಿಂದ ಕತ್ತು ಚಾಚಿ ನೋಡುತ್ತಿದ್ದಳು. ಮಗಳು ಒಂದು ಕಾಲು ಮಣ್ಣಿನ ಮೇಲಿಟ್ಟಳು, ಇನ್ನೊಂದು ಇಟ್ಟಳು, ಕೈಚೀಲ ಎದೆಗವುಚಿಕೊಂಡು ಚಿಕ್ಕವಳಂತೆ ನಡೆದು ಬಂದಳು. ಅಪ್ಪ ಹತ್ತಿರವಾಗುತ್ತಿದ್ದಂತೆ ಪೈಪಿನ ಬಾಯಿ ಅವಳ ಕಡೆ ತಿರುಗಿತು. ನೀರಿನ ಒಂದು ಸಣ್ಣ ಎಳೆ ಅವಳ ಚಪ್ಪಲಿಯ ಮುಂದೆ ಬಿತ್ತು.

"ಬಳಸ್ಕೊಂಡು ಹೋಗು," ಅಂದ ಹುಲ್ಲಪ್ಪ.

ಅವಳು ನಗುತ್ತ ಅವನನ್ನು ಬಳಸಿಕೊಂಡು ಅಮ್ಮನ ಕಡೆಗೆ ಹೋದಳು.